ಒಂದು ಕೇಬಲ್, ಎರಡು ಟಿವಿ



ಅಜ್ಜಿಗೆ ಕನ್ನಡ ಧಾರಾವಾಹಿ, ನಿಮಗೆ ಕ್ರಿಕೆಟ್. ಎರ್ನಾಕುಲಂನ ನಮ್ಮ ಕನ್ನಡ ಮನೆಗಳಲ್ಲಿ ಈ ಜಗಳ ಹೊಸದಲ್ಲ. ಕೋಣೆಗೆ ಇನ್ನೊಂದು ಟಿವಿ ತಂದರೆ ಅದಕ್ಕೂ ಕೇಬಲ್ ಬೇಕಲ್ಲ!

1990ರ ದಶಕದಲ್ಲಿ ಇದು ಸುಲಭವಿತ್ತು. ಚಾನೆಲ್‌ಗಳೆಲ್ಲ ಒಂದೇ ತಂತಿಯಲ್ಲಿ ಬರುತ್ತಿದ್ದವು, ಬೇಕಾದ್ದನ್ನು ಟಿವಿಯೇ ಆರಿಸಿಕೊಳ್ಳುತ್ತಿತ್ತು. ನಡುವೆ ಒಂದು ಸ್ಪ್ಲಿಟ್ಟರ್ ಹಾಕಿದರೆ ಸಾಕು. ಆದರೆ ಹಂಚಿದಾಗ ಪ್ರತಿ ಟಿವಿಗೂ ಸಿಗ್ನಲ್ ಅರ್ಧಕ್ಕಿಂತ ಕಡಿಮೆಯಾಗಿ, ಚಿತ್ರದ ತುಂಬ ಚುಕ್ಕೆ ಬೀಳುವುದಿತ್ತು.

ಡಿಜಿಟಲ್ ಕೇಬಲ್‌ನಲ್ಲಿ ಚಾನೆಲ್ ಆರಿಸುವುದು ಸೆಟ್‌ಟಾಪ್ ಬಾಕ್ಸ್. ಒಂದೇ ಬಾಕ್ಸಿನಿಂದ ಎರಡು ಟಿವಿಗೆ ತಂತಿ ಎಳೆದರೆ ಎರಡರಲ್ಲೂ ಒಂದೇ ಚಾನೆಲ್! ಬೇರೆ ಬೇರೆ ಬೇಕಿದ್ದರೆ ಪ್ರತಿ ಟಿವಿಗೂ ಒಂದೊಂದು ಬಾಕ್ಸ್ ಇರಬೇಕು. ಸ್ಪ್ಲಿಟ್ಟರನ್ನು ಬಾಕ್ಸಿಗಿಂತ ಮೊದಲೇ ಹಾಕಬೇಕು. ಎರಡನೆಯ ಟಿವಿಯ ನೆಟ್‌ವರ್ಕ್ ಶುಲ್ಕ ಮೊದಲನೆಯದರ ಶೇ. 40ನ್ನು ಮೀರಬಾರದೆಂದು 2020ರಲ್ಲಿ ಟ್ರಾಯ್ ಹೇಳಿತ್ತು. 2024ರಲ್ಲಿ ಶುಲ್ಕದ ಮಿತಿಯನ್ನೇ ತೆಗೆಯಿತು. ಆದ್ದರಿಂದ ಆಪರೇಟರನ್ನು ಮೊದಲೇ ಕೇಳಿ ಒಪ್ಪಿಕೊಳ್ಳಿ.

ಎರಡು ಬಾಕ್ಸಿಗೂ ಒಂದೇ ಚಾನೆಲ್‌ಗಳಿರಬೇಕೆಂದಿಲ್ಲ. ಅಪಾಯವಿರುವುದು ಇಲ್ಲೇ. ಹಣ ಉಳಿಸಲೆಂದು ನಿಮ್ಮ ಬಾಕ್ಸಿನಿಂದ ಮೊದಲು ಬಿಟ್ಟುಹೋಗುವುದು ಕನ್ನಡ. ಶಾಲೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ನೀವು ಕೇಳುವುದು ಮಲಯಾಳ, ಇಂಗ್ಲಿಷ್. ಅವೂ ಬೇಕು. ಆದರೆ ಕನ್ನಡ ಕಿವಿಗೆ ಬೀಳುವ ಜಾಗ ಮನೆಯೊಂದೇ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೆ ಅದೂ ತಪ್ಪೀತು.

ಎರಡನೆಯ ಟಿವಿ ಬೇಡವೆನ್ನುವುದಿಲ್ಲ. ನಿಮ್ಮ ಬಾಕ್ಸಿನಲ್ಲೂ ಒಂದು ಕನ್ನಡ ಚಾನೆಲ್ ಇರಲಿ. ವಾರಕ್ಕೊಂದು ಸಂಜೆಯಾದರೂ ಹಿರಿಯರ ಪಕ್ಕ ಕುಳಿತು ಕನ್ನಡ ಕಾರ್ಯಕ್ರಮ ನೋಡಿ. ತಿಳಿಯದ ಮಾತು ಬಂದರೆ ನಾಚದೆ ಅರ್ಥ ಕೇಳಿ. ಹೇಳಿಕೊಡಲು ಅವರಿಗೂ ಸಂತೋಷವೇ.