‘ಮುಟ್ಟಬೇಡಿ’ ಅನ್ನೋ ಬೋರ್ಡು ಎಲ್ಲರಿಗೂ ಒಂದೇ ಆಗಿದ್ದ ಜಾಗ



ಪೋಸ್ಟ್ ಉದ್ದ ಇದೆ. ಟೈಮ್ ಇದ್ದಾಗ ಓದಿ, ಆದ್ರೆ ಓದದೇ ಲೈಕ್ ಒತ್ತಬೇಡಿ.

ಹೋದ ತಿಂಗಳು ಸಿಂಗಪುರಕ್ಕೆ ಹೋಗಿದ್ದೆ. ಅಲ್ಲಿನ ಒಂದು ಮ್ಯೂಸಿಯಂನಲ್ಲಿ ಚೋಳರ ಕಾಲದ ಪಂಚಲೋಹದ ಶಿವನ ಪಕ್ಕ ನಿಂತು ತೆಗೆಸಿಕೊಂಡ ಫೋಟೋನ ನಮ್ಮ ಆಫೀಸ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಪ್ಪಾಯ್ತು. ಒಬ್ಬ ಸಹೋದ್ಯೋಗಿ, ದಿನಾ ನನ್ನ ಎದುರು ಟೇಬಲ್ಲಲ್ಲೇ ಕೂರೋರು, ಮನುಷ್ಯ ಕೆಟ್ಟವರೇನಲ್ಲ, ಹೀಗೆ ಬರೆದ್ರು: ‘ನಮ್ಮ ದೇವರನ್ನ ಶೋಪೀಸ್ ಥರ ಇಟ್ಟಿದ್ದಾರೆ. ಪೂಜೆ ಇಲ್ಲ, ನೈವೇದ್ಯ ಇಲ್ಲ. ಮಡಿ ಮೈಲಿಗೆ ಏನೂ ಇಲ್ಲದೆ ಕಂಡಕಂಡವರೆಲ್ಲ ಹತ್ತಿರ ಹೋಗಿ ನಿಲ್ತಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.’

ಕಂಡಕಂಡವರು. ಆ ಫೋಟೋದಲ್ಲಿ ಇದ್ದದ್ದು ಇಬ್ಬರೇ. ಒಂದು ಶಿವ, ಇನ್ನೊಂದು ನಾನು.

ಹನ್ನೆರಡು ಜನ ಆ ಮೆಸೇಜಿಗೆ ಕೈಮುಗಿಯೋ ಚಿಹ್ನೆ ಒತ್ತಿದ್ರು. ಅವತ್ತು ನಾನು ಗ್ರೂಪಲ್ಲಿ ಉತ್ತರ ಕೊಡಲಿಲ್ಲ. ಉತ್ತರ ಇಲ್ಲಿ ಕೊಡ್ತಾ ಇದ್ದೀನಿ.

ಮೊದಲು ಹೋಗಿದ್ದು ಹೇಗೆ ಅಂತ ಹೇಳಿಬಿಡ್ತೀನಿ, ಇಲ್ಲದಿದ್ರೆ ‘ಹೋರಾಟಗಾರರಿಗೆ ಫಾರಿನ್ ಟೂರ್ ದುಡ್ಡು ಎಲ್ಲಿಂದ’ ಅನ್ನೋರು ಬಂದೇ ಬರ್ತಾರೆ. ನನ್ನ ಅಕ್ಕನ ಮಗ ಅಲ್ಲಿ ಹಡಗು ರಿಪೇರಿ ಮಾಡೋ ಕಡೆ ಕೆಲಸದಲ್ಲಿದ್ದಾನೆ. ‘ಮಾಮ, ನೀನು ಒಂದ್ಸಲ ಬಾ, ಟಿಕೆಟ್ ನಾನು ಹಾಕ್ತೀನಿ’ ಅಂತ ಮೂರು ವರ್ಷದಿಂದ ಕರೀತಿದ್ದ. ಚಪ್ಪಲಿ ಹೊಲಿತಿದ್ದ ನಮ್ಮ ಭಾವನ ಮಗ ಅವನು. ಹಾಸ್ಟೆಲ್ ಅನ್ನ ತಿಂದು ಡಿಪ್ಲೊಮಾ ಮಾಡಿದವನು. ಅವನ ದುಡಿಮೆಯ ದುಡ್ಡಲ್ಲಿ ಹೋಗಿ ಬಂದೆ, ಅಷ್ಟೆ.

ಅವನಿಗೆ ರಜೆ ಸಿಕ್ಕಿದ ದಿನ ಏಷ್ಯನ್ ಸಿವಿಲೈಸೇಷನ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋದ. ಸಿಂಗಪುರ ನದಿ ಸಮುದ್ರ ಸೇರೋ ಕಡೆ, ದಡದ ಮೇಲೇ ಇದೆ. ದಪ್ಪ ಕಂಬದ ಬಿಳಿ ಕಟ್ಟಡ. ‘ಟಿಕೆಟ್ ರೇಟನ್ನ ರೂಪಾಯಿಗೆ ಲೆಕ್ಕ ಹಾಕಬೇಡ ಮಾಮ’ ಅಂದ. ನಾನು ಹಾಕಿದೆ.

ಆ ಕಟ್ಟಡದ ಕಥೆ ಕೇಳಿ. 1860ರ ದಶಕದಲ್ಲಿ ಬ್ರಿಟಿಷರು ಸರ್ಕಾರಿ ಕಚೇರಿಗೆ ಅಂತ ಕಟ್ಟಿಸಿದ್ದು. ಕಟ್ಟಿದವರು ಕೈದಿಗಳು. 1825ರಿಂದ ಸುಮಾರು ಐವತ್ತು ವರ್ಷ ಭಾರತದಿಂದ ಕೈದಿಗಳನ್ನ ಹಡಗಲ್ಲಿ ತುಂಬಿಕೊಂಡು ಹೋಗಿ ಆ ಊರಿನ ರಸ್ತೆ, ಚರ್ಚು, ಕಚೇರಿ ಕಟ್ಟಿಸಿದ್ರು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಅಲ್ಲಿ ಗುಮಾಸ್ತರು ಕೂತು ಜನನ ಮರಣ ನೋಂದಣಿ, ಪೌರತ್ವದ ಕಾಗದ ಅಂತ ಬರೀತಿದ್ರು. ಮ್ಯೂಸಿಯಂ ಅಲ್ಲಿಗೆ ಬಂದಿದ್ದು 2003ರಲ್ಲಿ. ಇಪ್ಪತ್ತು ವರ್ಷದಿಂದ ಫೈಲು ಹೊರೋ ನನಗೆ ಆ ಕಂಬ ಮುಟ್ಟಿ ನೋಡಬೇಕು ಅನ್ನಿಸ್ತು, ಮುಟ್ಟಿದೆ. ಕಂಬ ಮುಟ್ಟಿದ್ರೆ ಯಾರೂ ಏನೂ ಅನ್ನಲ್ಲ ಅಲ್ಲಿ.

ಕೆಳಗಿನ ಅಂತಸ್ತಿನಲ್ಲಿ ಒಂದು ಮುಳುಗಿದ ಹಡಗಿನ ಸಾಮಾನು ಇದೆ. ಒಂಬತ್ತನೇ ಶತಮಾನದ ಅರಬ್ ಹಡಗು, ಚೀನಾದಿಂದ ಪಿಂಗಾಣಿ ಹೇರಿಕೊಂಡು ಪಶ್ಚಿಮಕ್ಕೆ ಹೊರಟಿದ್ದು ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಹತ್ತಿರ ಮುಳುಗಿತ್ತು. 1998ರಲ್ಲಿ ಸಿಕ್ತು. ಒಳಗೆ 60,000ಕ್ಕೂ ಹೆಚ್ಚು ಸಾಮಾನು. ಬಂಗಾರ ಬೆಳ್ಳಿನೂ ಇದೆ, ಆದ್ರೆ ಮುಕ್ಕಾಲು ಮೂರುವೀಸ ಬರೀ ಬಟ್ಟಲುಗಳು. ಬಡವರು ಬಲ್ಲಿದರು ಅಂತಿಲ್ಲದೆ ಯಾರ ಮನೆಯಲ್ಲಾದ್ರೂ ಇರಬಹುದಾದ ಊಟದ ಬಟ್ಟಲು. ಯಾವುದೋ ಊರಿನ ಕುಂಬಾರರು ಸಾವಿರಗಟ್ಟಲೆ ತಿಪ್ಪಿ, ಬೆರಳಷ್ಟು ದಪ್ಪ ಕುಂಚದಲ್ಲಿ ಎರಡು ಗೆರೆ ಎಳೆದು ಕಳಿಸಿದ್ದು. ಅವನ್ನ ಈಗ ಲೈಟು ಬಿಟ್ಟು ಸಾಲಾಗಿ ಜೋಡಿಸಿದ್ದಾರೆ.

ಅಕ್ಕನ ಮಗ ಮುಂದೆ ಹೋದ. ನಾನು ಅಲ್ಲೇ ನಿಂತೆ. ನನಗೆ ನೆನಪಾಗಿದ್ದು ನಮ್ಮೂರಿನ ಹೋಟೆಲ್ ಹಿಂದಿನ ಗೋಡೆ. ಆ ಗೋಡೆಯ ಸಂದಿನಲ್ಲಿ ನಮ್ಮಪ್ಪನ ತೆಂಗಿನ ಚಿಪ್ಪು ಇರ್ತಿತ್ತು. ತಾನೇ ತೆಗೆದು, ತಾನೇ ತೊಳೆದು, ನೆಲದ ಮೇಲಿಟ್ಟು ಹಿಂದೆ ಸರಿದ್ರೆ ಮೇಲಿಂದ ಟೀ ಹುಯ್ಯೋರು. ಕುಡಿದು ಮತ್ತೆ ತೊಳೆದು ಅದೇ ಸಂದಿಗೆ. ನಾನು ಹೈಸ್ಕೂಲಿಗೆ ಬರೋ ಹೊತ್ತಿಗೆ ಚಿಪ್ಪು ಹೋಗಿ ಬೇರೆ ಲೋಟ ಬಂತು, ಅದನ್ನ ನಮ್ಮವರು ‘ಸುಧಾರಣೆ’ ಅಂದ್ಕೊಂಡ್ರು. ಆ ಬಟ್ಟಲುಗಳಿಗೆ ಸಾವಿರದ ಇನ್ನೂರು ವರ್ಷ ಆಗಿದೆ, ಇವತ್ತಿಗೂ ಇವೆ. ನಮ್ಮಪ್ಪನ ಚಿಪ್ಪು ಎಲ್ಲಿ?

ಮೇಲಿನ ಅಂತಸ್ತಿಗೆ ಹೋದ್ರೆ ದೇವರುಗಳು. ಬುದ್ಧರು ಸಾಲುಸಾಲು, ಗಾಂಧಾರದವರು, ಬರ್ಮಾದವರು, ಚೀನಾದವರು. ಆಮೇಲೆ ನಮ್ಮ ಕಡೆಯ ಶಿವ, ವಿಷ್ಣು, ದೇವಿಯರು. ಎಲ್ಲ ನನ್ನ ಎದೆಯ ಮಟ್ಟಕ್ಕೆ, ಮೊಳದ ದೂರದಲ್ಲಿ. ಶಿವನ ಕಾಲಿನ ಉಗುರು ಕಾಣ್ತಿತ್ತು ನನಗೆ. ನಾನು ನಾಸ್ತಿಕ ಅಂತ ನಿಮಗೆ ಗೊತ್ತು. ಆದ್ರೂ ನಲವತ್ತಾರು ವರ್ಷಕ್ಕೆ ಮೊದಲ ಸಲ ಒಂದು ಉತ್ಸವಮೂರ್ತಿಯ ಕಾಲಿನ ಉಗುರು ನೋಡಿದೆ ಅಂದ್ರೆ ಅದರ ಅರ್ಥ ಏನು ಯೋಚಿಸಿ. ನಮ್ಮೂರಲ್ಲಿ ಜಾತ್ರೆ ದಿನ ನಮಗೆ ಕಾಣ್ತಿದ್ದದ್ದು ತೇರಿನ ಕಳಸ, ಅದೂ ಅರಳಿಮರದ ಕೊಂಬೆ ಸಂದಿಯಿಂದ.

ಆ ಪಂಚಲೋಹದ ಮೂರ್ತಿಗಳ ಪೀಠದಲ್ಲಿ ತೂತುಗಳಿರ್ತವೆ, ನೋಡಿದ್ದೀರಾ? ಬಳೆ ಥರ ಎರಡೂ ಕಡೆ. ಅದು ಕೋಲು ತೂರಿಸಿ ಹೆಗಲ ಮೇಲೆ ಹೊರೋದಕ್ಕೆ. ಗರ್ಭಗುಡಿಯ ಕಲ್ಲಿನ ದೇವರು ಹೊರಗೆ ಬರಲ್ಲ. ಹಾಗಾಗಿ ಬೀದಿಗೆ ಬಂದು ಜನರನ್ನ ನೋಡಲಿ ಅಂತಲೇ ಈ ಲೋಹದ ಮೂರ್ತಿ. ಜನರನ್ನ ನೋಡೋಕೆ ಹೊರಟ ಈ ದೇವರು ಊರು ಸುತ್ತುತ್ತೆ, ನಮ್ಮ ಕೇರಿಗೆ ಮಾತ್ರ ಬರಲ್ಲ.

ಮತ್ತೆ ಆ ಕೋಲು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ ಮರೆತಿಲ್ಲ ತಾನೇ? 2022ರ ಸೆಪ್ಟೆಂಬರ್. ಊರ ಉತ್ಸವದಲ್ಲಿ 15 ವರ್ಷದ ನಮ್ಮ ಹುಡುಗ ದೇವರ ಕೋಲು ಮುಟ್ಟಿದ ಅಂತ ಆ ಮನೆಗೆ 60,000 ರೂಪಾಯಿ ದಂಡ ಹಾಕಿದ್ರು. ಮೈಲಿಗೆ ತೆಗೆಯೋ ಖರ್ಚಂತೆ. ಕೂಲಿ ಮಾಡೋ ತಾಯಿ. ಆಮೇಲೆ ಆ ಮನೆಯಲ್ಲಿ ದೇವರ ಫೋಟೋ ಇಳಿದು ಬಾಬಾಸಾಹೇಬರ ಫೋಟೋ ಏರಿತು. 1930ರಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಬಾಬಾಸಾಹೇಬರು ಸತ್ಯಾಗ್ರಹ ಶುರು ಮಾಡಿದಾಗಲೂ ರಾಮನವಮಿ ತೇರಿಗೆ ನಮ್ಮವರು ಕೈ ಹಾಕೋ ವಿಚಾರಕ್ಕೇ ಕಲ್ಲು ಬಿದ್ದಿದ್ದು. ಅಲ್ಲಿ ತೇರು, ಇಲ್ಲಿ ಕೋಲು. ನಡುವೆ ತೊಂಬತ್ತೆರಡು ವರ್ಷ.

ಈಗ ಮ್ಯೂಸಿಯಂನಲ್ಲಿ ಕಂಡ ಒಂದು ದೃಶ್ಯ ಹೇಳ್ತೀನಿ. ಗಾಜಿಲ್ಲದೆ ಪೀಠದ ಮೇಲೆ ಇಟ್ಟಿದ್ದ ಒಂದು ಕಲ್ಲಿನ ಮೂರ್ತಿ. ನಮ್ಮ ದೇಶದವರೇ ಒಬ್ಬರು ಹೆಂಗಸು, ರೇಷ್ಮೆ ಸೀರೆ, ಕೈತುಂಬ ಬಳೆ, ಕಣ್ಮುಚ್ಚಿ ಕೈಮುಗಿದ್ರು. ಆಮೇಲೆ ಪಾದ ಮುಟ್ಟೋಕೆ ಕೈ ಚಾಚಿದ್ರು. ಸಮವಸ್ತ್ರದ ಕಾವಲು ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ಮೆತ್ತಗೆ ‘ಮುಟ್ಟಬೇಡಿ ಮೇಡಂ’ ಅಂತ ಇಂಗ್ಲಿಷಲ್ಲಿ ಅಂದಳು. ಆ ಹೆಂಗಸು ಬೆಂಕಿ ತಾಗಿದ ಹಾಗೆ ಕೈ ಹಿಂದೆ ಎಳ್ಕೊಂಡ್ರು. ಮುಖ ಕೆಂಪಾಯ್ತು. ಸುತ್ತ ಯಾರಾದ್ರೂ ನೋಡಿದ್ರಾ ಅಂತ ನೋಡಿದ್ರು. ನಾನು ನೋಡಿದ್ದೆ.

ಆ ಮುಖ ನನಗೆ ಪರಿಚಯ. ನಮ್ಮವ್ವನ ಮುಖದಲ್ಲಿ, ಅಕ್ಕನ ಮುಖದಲ್ಲಿ, ಕನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ. ನಗು ಬರಲಿಲ್ಲ, ನಿಜ ಹೇಳ್ತೀನಿ. ಸೇಡು ತೀರಿದ ಖುಷಿನೂ ಆಗಲಿಲ್ಲ. ಒಂದೇ ಅನ್ನಿಸಿದ್ದು: ಈಯಮ್ಮನಿಗೆ ಇದು ಮೊದಲ ಸಲ. ಮತ್ತೆ ಈಯಮ್ಮನಿಗೆ ಮುಟ್ಟಬೇಡ ಅಂದಿದ್ದು ಕಲ್ಲು ಸವೆಯುತ್ತೆ ಅಂತ, ಕಲ್ಲಿಗೆ ಮೈಲಿಗೆ ಆಗುತ್ತೆ ಅಂತ ಅಲ್ಲ. ನಾನು ಮುಟ್ಟಿದ್ರೂ ಅದೇ ಮಾತು, ಅದೇ ದನಿ. ನನ್ನ ಸಹೋದ್ಯೋಗಿ ಹೊಟ್ಟೆ ಉರ್ಕೊಂಡಿದ್ದು ಈ ಸಮಾನತೆ ನೋಡಿ, ಪೂಜೆ ಇಲ್ಲ ಅಂತ ಅಲ್ಲ.

ಈಗ ‘ನಮ್ಮ ದೇವರನ್ನ ಕದ್ದಿದ್ದಾರೆ’ ಅನ್ನೋ ಮಾತಿಗೆ ಬರ್ತೀನಿ. ಕದ್ದಿದ್ದು ನಿಜ. ಎಲ್ಲ ಮೂರ್ತಿನೂ ಅಲ್ಲ, ಆದ್ರೆ ಕದ್ದಿದ್ದು ಇದೆ. ಇದೇ ಮ್ಯೂಸಿಯಂ 2007ರಲ್ಲಿ ನ್ಯೂಯಾರ್ಕಿನ ಸುಭಾಷ್ ಕಪೂರ್ ಅನ್ನೋ ವ್ಯಾಪಾರಿಯ ಅಂಗಡಿಯಿಂದ 11ನೇ ಶತಮಾನದ ಉಮಾ ಪರಮೇಶ್ವರಿ ಮೂರ್ತಿ ಕೊಂಡಿತ್ತು. ಬೆಲೆ 6,50,000 ಅಮೆರಿಕನ್ ಡಾಲರ್. ಅದು ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶಿವನ ಗುಡಿಯಿಂದ ಕಳುವಾಗಿದ್ದು ಅಂತ ಗೊತ್ತಾದ ಮೇಲೆ 2015ರಲ್ಲಿ ಭಾರತಕ್ಕೆ ವಾಪಸ್ ಕೊಡೋಕೆ ಒಪ್ಪಿಕೊಂಡ್ರು. ಕಪೂರ್‌ಗೆ 2022ರಲ್ಲಿ ಕುಂಭಕೋಣಂ ಕೋರ್ಟು ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಸರಿಯಾಗಿದೆ. ಕಳ್ಳ ಕಳ್ಳನೇ, ಕೋಟು ಹಾಕಿದ್ರೂ ಅಷ್ಟೇ. ಕದ್ದ ಮಾಲು ವಾಪಸ್ ಬರಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ.

ನನ್ನ ಪ್ರಶ್ನೆ ‘ನಮ್ಮ’ ಅನ್ನೋ ಪದದ ಮೇಲೆ. ದೇವರು ಸಿಂಗಪುರದಲ್ಲಿ, ಆಸ್ಟ್ರೇಲಿಯಾದಲ್ಲಿ, ಅಮೆರಿಕದಲ್ಲಿ ಇರೋತನಕ ನಾವೆಲ್ಲ ‘ನಮ್ಮ ದೇವರು’. ವಿಮಾನ ಇಳಿದು, ಹಾರ ಹಾಕಿ, ಪೇಪರಲ್ಲಿ ಫೋಟೋ ಬಂದು, ಊರಿನ ಗುಡಿ ಬಾಗಿಲಿಗೆ ಬರೋ ಹೊತ್ತಿಗೆ ಆ ‘ನಮ್ಮ’ದಿಂದ ನಮ್ಮನ್ನ ಇಳಿಸಿರ್ತಾರೆ. ಕಳ್ಳ ಮುಟ್ಟಿದ್ದಾನೆ, ಸ್ಮಗ್ಲರ್ ಮುಟ್ಟಿದ್ದಾನೆ, ನ್ಯೂಯಾರ್ಕಿನ ಹಮಾಲಿ ಮುಟ್ಟಿದ್ದಾನೆ, ಕಸ್ಟಮ್ಸ್‌ನವರು, ಪೊಲೀಸರು, ಎಲ್ಲರೂ ಮುಟ್ಟಿದ್ದಾರೆ. ಅಷ್ಟೂ ಮೈಲಿಗೆಗೆ ಶುದ್ಧಿ ಇದೆ, ಒಂದು ಹೋಮ ಮಾಡಿದ್ರೆ ಆಯ್ತು, ಯಾರಿಗೂ ದಂಡ ಇಲ್ಲ. ಮಾಲೂರಿನ ಹುಡುಗ ಮುಟ್ಟಿದ್ರೆ ಮಾತ್ರ 60,000. ಅಷ್ಟು ಡಾಲರ್ ದೇವರನ್ನ ವಾಪಸ್ ತರೋ ಸರ್ಕಾರ ಆ ಗುಡಿಗೆ ಒಂದು ಷರತ್ತು ಹಾಕಲಿ: ಮೂರ್ತಿ ಬೇಕಾ, ಮೊದಲು ಊರಿನ ಎಲ್ಲ ಕೇರಿಯವರೂ ಒಳಗೆ ಬರ್ತಾರೆ ಅಂತ ಬರೆದುಕೊಡಿ. ಅಸ್ಪೃಶ್ಯತೆ ಅಪರಾಧ ಅಂತ ಸಂವಿಧಾನದ 17ನೇ ವಿಧಿ ಹೇಳುತ್ತೆ, ನಾನು ಹೊಸದೇನೂ ಕೇಳ್ತಾ ಇಲ್ಲ.

ಹಾಗಂತ ಮ್ಯೂಸಿಯಂನವರಿಗೆ ನಾನು ಹೂವಿನ ಹಾರ ಹಾಕಲ್ಲ. ಪ್ರತಿ ಮೂರ್ತಿ ಪಕ್ಕ ಒಂದು ಚೀಟಿ ಇರುತ್ತೆ. ಯಾವ ದೇಶ, ಯಾವ ಶತಮಾನ, ಯಾವ ಲೋಹ. ರಾಜವಂಶದ ಹೆಸರು ಇರುತ್ತೆ. ಮಾಡಿದ ಕೈಯ ಹೆಸರು ಇರಲ್ಲ, ಅದು ಆಗ ಬರೆದಿಟ್ಟಿರಲ್ಲ, ಬಿಡಿ. ಆದ್ರೆ ಈ ಮೂರ್ತಿಯನ್ನ ಯಾರು ನೋಡೋ ಹಾಗಿರಲಿಲ್ಲ ಅನ್ನೋದು? ಅದು ಇವತ್ತಿಗೂ ಎಲ್ಲರಿಗೂ ಗೊತ್ತಿರೋ ವಿಷಯ. ‘ಭಕ್ತರು ಈ ಮೂರ್ತಿಯನ್ನು ಬೀದಿಗಳಲ್ಲಿ ಹೊತ್ತು ತರುತ್ತಿದ್ದರು’ ಅನ್ನೋ ಥರದ ಒಂದು ಸಾಲು ಬರೆದು ಮುಗಿಸ್ತಾರೆ. ಯಾವ ಬೀದಿ ಸ್ವಾಮಿ? ಜಾತಿ ತೆಗೆದು ತೊಳೆದು ಒಣಗಿಸಿ ಪೀಠದ ಮೇಲಿಟ್ರೆ ಅದಕ್ಕೆ ‘ಏಷ್ಯಾದ ಕಲೆ’ ಅಂತ ಹೆಸರು.

ಬುದ್ಧನಿಗೂ ಅದೇ ಗತಿ. ಅಷ್ಟು ಬುದ್ಧರನ್ನ ನೋಡಿದೆ. ಬಟ್ಟೆಯ ಮಡಿಕೆ ಬಗ್ಗೆ, ಗ್ರೀಕ್ ಪ್ರಭಾವದ ಬಗ್ಗೆ ಬರೆದಿದ್ದಾರೆ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಈ ಬುದ್ಧನ ಕಡೆ ನಡೆದು ಹೋದ್ರು ಅನ್ನೋ ಮಾತು ನಾನು ಓದಿದ ಯಾವ ಚೀಟಿಯಲ್ಲೂ ಇರಲಿಲ್ಲ. ಸಿಂಗಪುರದವರನ್ನ ಯಾಕೆ ಬೈಯ್ಯಲಿ, ನಮ್ಮ ಸನ್ನತಿನೇ ನೋಡಿ. ಕಲಬುರಗಿ ಜಿಲ್ಲೆ, ಭೀಮಾ ನದಿ ದಡ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಗೊತ್ತಾಗಿದ್ದು, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ‘ರಾಯ ಅಶೋಕ’ ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತು. ಆ ಶಿಲ್ಪಗಳು ವರ್ಷಗಟ್ಟಲೆ ಬಯಲಲ್ಲಿ ಬಿಸಿಲು ಮಳೆಗೆ ಬಿದ್ದಿದ್ವು. ‘ನಮ್ಮ ಬುದ್ಧ’ ಅಂತ ಹೊಟ್ಟೆ ಉರ್ಕೊಂಡ ಒಬ್ಬ ಸಹೋದ್ಯೋಗಿನೂ ನನಗೆ ಆಗ ಸಿಗಲಿಲ್ಲ.

ಹೊರಗೆ ಬಂದು ನದಿ ಕಡೆ ಕಟ್ಟೆ ಮೇಲೆ ಕೂತ್ವಿ. ಅಕ್ಕನ ಮಗ ಎರಡು ಟೀ ತಂದ, ಕಾಗದದ ಲೋಟದಲ್ಲಿ. ‘ಏನ್ ಮಾಮ, ಸುಮ್ಮನಾದೆ’ ಅಂದ. ತಾತನ ಚಿಪ್ಪಿನ ಕಥೆ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಅಕ್ಕ ಹೇಳಿಲ್ಲ. ನಾವು ಮಕ್ಕಳಿಗೆ ನೋವಾಗಬಾರದು ಅಂತ ಹೇಳಲ್ಲ, ಅವರು ಮರೆತರೆ ಒಳ್ಳೇದು ಅಂತ ಊರೂ ಹೇಳಲ್ಲ.

ಅದಕ್ಕೇ ಒಂದು ಅರ್ಜಿ ಟೈಪ್ ಮಾಡಿದ್ದೀನಿ, ಗುಮಾಸ್ತನಿಗೆ ಬರೋದೇ ಅದು. ನಮ್ಮ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಜಿಲ್ಲಾ ಮ್ಯೂಸಿಯಂಗಳಲ್ಲಿ ಗುಡಿಯಿಂದ ಬಂದ ಮೂರ್ತಿಗಳ ಚೀಟಿಯಲ್ಲಿ, ಆ ಗುಡಿಗೆ ಯಾರಿಗೆ ಪ್ರವೇಶ ಇರಲಿಲ್ಲ ಅಂತ ಒಂದು ಸಾಲು ಬರೀಬೇಕು. ಹಾಗೇ ಒಂದು ಗಾಜಿನ ಪೆಟ್ಟಿಗೆ ಬೇಕು: ತೆಂಗಿನ ಚಿಪ್ಪು, ಬೇರೆ ಇಟ್ಟಿದ್ದ ಲೋಟ, ತಮಟೆ, ಉಳಿ. ಚೀಟಿ ನಾವೇ ಬರೆದುಕೊಡ್ತೀವಿ.

ಇದಕ್ಕೆ ಸಾಮಾನು ಬೇಕು. ಯಾರ ಮನೆ ಅಟ್ಟದ ಮೇಲಾದ್ರೂ ಅಂಥ ಚಿಪ್ಪು, ಲೋಟ ಉಳಿದಿದ್ರೆ ಎಸೀಬೇಡಿ. ಯಾರದ್ದು, ಯಾವ ಊರು, ಎಲ್ಲಿ ಇಡ್ತಿದ್ರು ಅಂತ ಮನೆಯ ಹಿರಿಯರನ್ನ ಕೇಳಿ ಬರೆದು, ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ಅರ್ಜಿಗೆ ಸಹಿ ಹಾಕೋರು ಭಾನುವಾರದ ಸಭೆಗೆ ಬನ್ನಿ, ಹತ್ತು ಗಂಟೆಗೆ, ಅಂಬೇಡ್ಕರ್ ಭವನದ ಹಿಂದಿನ ರೂಮು.

ಈ ಪೋಸ್ಟ್ ಲಿಂಕನ್ನ ಆಫೀಸ್ ಗ್ರೂಪಿಗೂ ಹಾಕಿದ್ದೀನಿ. ಇಲ್ಲಿಯವರೆಗೆ ಯಾರೂ ಏನೂ ಒತ್ತಿಲ್ಲ.

ಜೈ ಭೀಮ್.