ಎರಡು ಇಂಚು ಎತ್ತರ, 27 ಮಿಲಿಮೀಟರ್ ಲಾಭ

ಪಿಕಪ್ ಗಾಡಿಯ ಮೂತಿ ಎತ್ತಿಸಿ, ದೊಡ್ಡ ಟೈರು ಹಾಕಿಸಿಕೊಂಡು ತಿರುಗೋ ಹುಚ್ಚು ನಮ್ಮ ಪುಣೆಯಲ್ಲೂ ಜೋರಾಗಿದೆ. ಮಳೆಗಾಲದ ಭಾನುವಾರ ಮುಳಶಿ, ತಾಮ್ಹಿಣಿ ಘಾಟ್ ಕಡೆ ಹೋಗಿ ನೋಡಿ, ಒಂದಾದರೂ ಕಣ್ಣಿಗೆ ಬೀಳತ್ತೆ. ನೋಡೋಕೆ ಚೆನ್ನಾಗಿರತ್ತೆ, ಇಲ್ಲ ಅನ್ನಲ್ಲ. ಆದರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ವರ್ಷದಲ್ಲಿ 350 ದಿನ ಡಾಂಬರಿನ ಮೇಲೆ ಓಡೋ ಗಾಡಿಗೆ ಇದು ಬೇಡ.

ಈ ವಿಷಯ ಈಗ ಯಾಕೆ ಅಂದ್ರೆ, ನಮ್ಮ ಅಣ್ಣನ ಮಗ ಇಲ್ಲೇ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಒಂದು ಹಳೇ ಇಸುಜು ವಿ-ಕ್ರಾಸ್ ತಗೊಂಡಿದ್ದಾನೆ. ತಿಂಗಳಿಗೊಮ್ಮೆ ಧಾರವಾಡದ ಹತ್ತಿರದ ಊರಿಗೆ ಹೋಗಿ, ಬರುವಾಗ ಜೋಳದ ಚೀಲ ಹೇರಿಕೊಂಡು ಬರ್ತಾನೆ. "ಕಾಕಾ, ಮುಂದ ಎರಡ ಇಂಚ ಎತ್ತಿಸಿದ್ರ ದೊಡ್ಡ ಟಾಯರ್ ಕೂಡ್ತಾವ. ಹೊಲಕ್ಕ ಹೋಗಾಕ ಚಲೋ ಆಗ್ತೈತಿ" ಅಂತ ಹಚ್ಚಿಕೊಂಡಿದ್ದಾನೆ. ಗ್ಯಾರೇಜಿನವರು ಒಂದೇ ದಿನದ ಕೆಲಸ ಅಂದಿದ್ದಾರಂತೆ. ಒಂದೇ ದಿನದ ಕೆಲಸವೇನೋ ಹೌದು.

ಸ್ವಲ್ಪ ಲೆಕ್ಕ ಹಾಕೋಣ, ಬೇಜಾರಾಗಬೇಡಿ. 2016ರಲ್ಲಿ ಬಂದ ವಿ-ಕ್ರಾಸಿನ ಟೈರು 245/70 ಆರ್16. ಅಂದರೆ ನೆಲದಿಂದ ನೆತ್ತಿಯವರೆಗೆ ಸುಮಾರು 749 ಮಿ.ಮೀ. ಹುಡುಗ ಆಸೆಪಡ್ತಿರೋದು 265/75 ಆರ್16, ಅದು ಸುಮಾರು 804. ವ್ಯತ್ಯಾಸ 55 ಮಿ.ಮೀ. ಆದರೆ ಆಕ್ಸಲ್ ಇರೋದು ಚಕ್ರದ ನಡುವೆ ನೋಡಿ, ಹಾಗಾಗಿ ಅದು ಮೇಲಕ್ಕೇಳೋದು ಇದರ ಅರ್ಧ, 27 ಮಿ.ಮೀ. ಮಾತ್ರ. ಹೊಲದ ದಾರಿಯಲ್ಲಿ ಕಲ್ಲಿಗೆ ತಗಲೋದು ಯಾವುದು? ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿ ಥರ ಉಬ್ಬಿಕೊಂಡಿರೋ ಡಿಫರೆನ್ಷಿಯಲ್. ಸಸ್ಪೆನ್ಷನ್ ಎಷ್ಟೇ ಎತ್ತಿಸಿ, ಆ ಕುಂಬಳಕಾಯಿ ಒಂದು ಮಿಲಿಮೀಟರೂ ಮೇಲೇಳಲ್ಲ. ಟೈರು ಕೊಟ್ಟ 27ರಲ್ಲೇ ತೃಪ್ತಿಪಡಬೇಕು. ಎರಡು ಇಂಚು ಎತ್ತಿಸೋದು ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲಿ ಅಂತ, ಅಷ್ಟೇ. ಅದೂ ದೊಡ್ಡ ಗುಂಡಿಗೆ ಬಿದ್ದು ಚಕ್ರ ಪೂರ್ತಿ ಮೇಲೆ ಬಂದಾಗ ಉಜ್ಜಲ್ಲ ಅನ್ನೋ ಗ್ಯಾರಂಟಿ ಇಲ್ಲ.

ಎತ್ತೋದು ಹೇಗೆ? ಈ ಗಾಡಿಯ ಮುಂದೆ ಕಾಯಿಲ್ ಸ್ಪ್ರಿಂಗು. ಶಾಕಪ್ಪಿನ ತಲೆಯ ಮೇಲೆ ಒಂದು ಇಂಚಿನ ಲೋಹದ ಬಿಲ್ಲೆ ಇಡ್ತಾರೆ. ಸ್ಪ್ರಿಂಗ್ ಕೂತಿರೋದು ಕೆಳಗಿನ ತೋಳಿನ ಮಧ್ಯದಲ್ಲಿ, ಚಕ್ರ ಇರೋದು ತೋಳಿನ ತುದಿಯಲ್ಲಿ. ಹಾಗಾಗಿ ಒಂದು ಇಂಚಿನ ಬಿಲ್ಲೆ ಚಕ್ರದ ಹತ್ತಿರ ಹೆಚ್ಚುಕಡಿಮೆ ಎರಡು ಇಂಚು ಎತ್ತತ್ತೆ. ಅಗ್ಗದ ಉಪಾಯ. ಅಗ್ಗದ್ದಕ್ಕೆ ಆಮೇಲೆ ಕಂತು ಕಟ್ಟಬೇಕು. ತೋಳುಗಳು ಯಾವಾಗಲೂ ಕೆಳಮುಖವಾಗೇ ಇರತ್ವೆ, ಬಾಲ್ ಜಾಯಿಂಟು ಓರೆಯಲ್ಲೇ ದುಡಿಯತ್ತೆ, ಫೋರ್‌ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್ಲಿನ ಜಾಯಿಂಟು, ಅದರ ರಬ್ಬರ್ ಬೂಟು ಬೇಗ ಸವೆಯತ್ತೆ. ಅಲೈನ್‌ಮೆಂಟ್ ತಪ್ಪಿ ಸ್ಟೇರಿಂಗ್ ತಾನಾಗೇ ನೆಟ್ಟಗಾಗೋ ಗುಣ ಕಡಿಮೆಯಾಗತ್ತೆ. ಮೀಟರು 80 ತೋರಿಸುವಾಗ ಗಾಡಿ ನಿಜವಾಗಿ 86ರ ಹತ್ತಿರ ಓಡ್ತಿರತ್ತೆ. ಭಾರದ ಚಕ್ರ ನಿಲ್ಲಿಸೋಕೆ ಬ್ರೇಕು ಮಾತ್ರ ಅದೇ ಹಳೇದು.

ನನಗೆ ಇದೆಲ್ಲಕ್ಕಿಂತ ದೊಡ್ಡ ತಕರಾರು ಇರೋದು ಹೆಡ್‌ಲೈಟಿನದು. ಈ ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3,095 ಮಿ.ಮೀ. ದೂರ. ಮುಂದೆ ಮಾತ್ರ 50 ಮಿ.ಮೀ. ಎತ್ತಿದ್ರೆ ಐವತ್ತು ಮೀಟರ್ ಆಚೆ ಬೆಳಕು ಸುಮಾರು 80 ಸೆಂಟಿಮೀಟರ್ ಮೇಲಕ್ಕೆ ಹೋಗತ್ತೆ. ಡಿಮ್ ಹಾಕಿದರೂ ಎದುರಿಗೆ ಬೈಕಿನಲ್ಲಿ ಬರೋನ ಕಣ್ಣಿಗೇ ನೇರ. ತಾಮ್ಹಿಣಿಯಂಥ ಡಿವೈಡರ್ ಇಲ್ಲದ ರಸ್ತೆಯಲ್ಲಿ, ಮಳೆಯಲ್ಲಿ, ಹಿಂದೆ ಹೆಂಡತಿ ಮಗು ಕೂರಿಸಿಕೊಂಡು ಬರೋ ಆ ಮನುಷ್ಯ ಎರಡು ಕ್ಷಣ ಕುರುಡ. ಲೈಟನ್ನು ಮತ್ತೆ ಕೆಳಕ್ಕೆ ಹೊಂದಿಸಬಹುದು. ಹೊಂದಿಸೋರು ಎಷ್ಟು ಜನ ಕಣ್ರೀ?

ಇನ್ನೊಂದು ವಿಷಯ. ಖಾಲಿ ಪಿಕಪ್ಪಿನ ಹಿಂಭಾಗ ಸ್ವಲ್ಪ ಎತ್ತರವಾಗಿ ಕಾಣೋದು ತಯಾರಿಸಿದವರ ಕಣ್ತಪ್ಪಲ್ಲ. ಹಿಂದೆ ಚೀಲ ಬಿದ್ದಾಗ ಪಾಟಾ ತಗ್ಗಿ ಗಾಡಿ ಸಮ ಆಗಲಿ ಅಂತ ಬಿಟ್ಟಿರೋ ಲೆಕ್ಕ ಅದು. ಖಾಲಿಯಿದ್ದಾಗಲೇ ಮುಂದೆ ಎತ್ತಿ ಸಮ ಮಾಡಿಟ್ರೆ, ಜೋಳದ ಚೀಲ ಬಿದ್ದ ಕೂಡಲೇ ಮೂತಿ ಆಕಾಶಕ್ಕೆ. ಈ ಫ್ಯಾಷನ್ನಿನ ತವರು ಅಮೆರಿಕ. ಅಲ್ಲೂ ಇದು ಅತಿಯಾಗಿ, ಮೂತಿ ಮೇಲೆ ಬಾಲ ಕೆಳಗೆ ಮಾಡಿಕೊಂಡು ಓಡಾಡೋರು ಹೆಚ್ಚಾದಾಗ, ನಾರ್ತ್ ಕೆರೊಲಿನಾ ರಾಜ್ಯ 2021ರ ಡಿಸೆಂಬರಿನಿಂದ ಕಾನೂನು ಮಾಡಿ ತಡೀತು. ಹಿಂದಿನ ಮಡ್‌ಗಾರ್ಡಿಗಿಂತ ಮುಂದಿನದು ನಾಲ್ಕು ಇಂಚು ಮೇಲಿದ್ರೆ ತಪ್ಪು. 2022ರಲ್ಲಿ ವರ್ಜೀನಿಯಾವೂ ಅದೇ ದಾರಿ ಹಿಡೀತು.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತಾಯ್ತು. ದಂಡ ಕಟ್ಟಿ ಮುಗಿಸಬಹುದು ಬಿಡಿ. ಆದರೆ ನಾಳೆ ಅಪಘಾತವಾದರೆ, ತಿಳಿಸದೆ ಮಾಡಿಸಿದ ಬದಲಾವಣೆ ನೋಡಿ ವಿಮೆಯವರು ಕ್ಲೇಮು ತಳ್ಳಿಹಾಕೋಕೆ ನಾವೇ ಕೈಯಾರೆ ಕಾರಣ ಕೊಟ್ಟ ಹಾಗೆ. ಇ.ಎಂ.ಐ. ಕಟ್ಟೋ ಹುಡುಗ ಇದನ್ನು ಯೋಚಿಸಬೇಡವೇ?

ಎತ್ತಿಸಿದವರೆಲ್ಲ ಪೋಕರಿಗಳು ಅಂತ ನಾನು ಹೇಳ್ತಿಲ್ಲ. 2018ರ ಕೇರಳದ ಪ್ರವಾಹದಲ್ಲಿ ಇಂಥ ಎತ್ತರದ ಜೀಪುಗಳೇ ನೀರಿಗಿಳಿದು ಜನರನ್ನು ಹೊತ್ತು ತಂದವು. ಸಕಲೇಶಪುರ, ಮಡಿಕೇರಿ ಕಡೆ ತೋಟದ ದಾರಿ ನೋಡಿದವರಿಗೆ ಅಲ್ಲಿನ ಕಷ್ಟ ಗೊತ್ತು. ಅಂಥವರಿಗೆ ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿಕೊಂಡು ಮಾಡಿಸೋಕೆ ಸರ್ಕಾರ ಒಂದು ಸುಲಭದ ದಾರಿ ಮಾಡಿಕೊಡಬೇಕು ಅನ್ನೋದೂ ನನ್ನ ಮಾತೇ. ಆದರೆ ಕೋಥ್ರೂಡಿನಿಂದ ಹಿಂಜೆವಾಡಿಯ ಆಫೀಸಿಗೆ ಹೋಗೋ ಗಾಡಿಗೆ ಯಾವ ಪ್ರವಾಹ ಸ್ವಾಮಿ?

ಇನ್ನು ನಮ್ಮ ಹೊಲದ ಮಾತು. ನಮ್ಮದು ಎರೆಮಣ್ಣು. ಎರಡು ದಿನ ಮಳೆ ಹಿಡಿದರೆ ಟ್ರ್ಯಾಕ್ಟರೇ ಹೂತು ಕೂರೋ ನೆಲ. ಆ ಮಣ್ಣು ಟೈರಿನ ಹಲ್ಲಿನ ಸಂದಿಯಲ್ಲೆಲ್ಲ ಮೆತ್ತಿಕೊಂಡು ಟೈರು ನುಣ್ಣಗಾಗಿಬಿಡತ್ತೆ. ಅಲ್ಲಿ ಎರಡು ಇಂಚು ಎತ್ತರ ಇದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹುಡುಗನಿಗೆ ನಾನು ಹೇಳಿರೋದು ಇಷ್ಟು: ಕಂಪನಿಯ ಅಳತೆಯಲ್ಲೇ ಒರಟು ಹಲ್ಲಿನ ಆಲ್-ಟೆರೇನ್ ಟೈರು ಹಾಕಿಸು, ಎಂಜಿನ್ನಿನ ಕೆಳಗೆ ದಪ್ಪ ತಗಡಿನ ಗಾರ್ಡು ಹಾಕಿಸು, ಕೆಸರಿಗಿಳಿಯೋ ಮುಂಚೆ ಟೈರಿನ ಗಾಳಿ ಸ್ವಲ್ಪ ಇಳಿಸು, ಡಾಂಬರಿಗೆ ಬಂದ ಕೂಡಲೇ ತುಂಬಿಸು. ಗಾಳಿ ಇಳಿಸಿದ ಟೈರು ಅಗಲವಾಗಿ ನೆಲ ಹಿಡಿಯತ್ತೆ, ಖರ್ಚು ಒಂದು ಸಣ್ಣ ಪಂಪಿನದು.

ಹುಬ್ಬಳ್ಳಿ, ಗದಗ, ವಿಜಾಪುರ ಕಡೆಯ ಎರೆಹೊಲದಲ್ಲಿ ಪಿಕಪ್ ಓಡಿಸೋರು ಓದ್ತಿದ್ರೆ ಒಂದು ಉಪಕಾರ ಮಾಡಿ. ಮಳೆಗಾಲದಲ್ಲಿ ನೀವು ಎಷ್ಟು ಗಾಳಿ ಇಡ್ತೀರಿ ಅಂತ ಬರೀರಿ, ಅವನಿಗೆ ತೋರಿಸ್ತೀನಿ. ಮುಂದಿನ ಶನಿವಾರಕ್ಕೆ ಗ್ಯಾರೇಜಿನಲ್ಲಿ ನಂಬರ್ ಹಚ್ಚಿದ್ದಾನಂತೆ.