ಲಗಾಜುವೋಯ್ ಅಲ್ಲ, ಪಾಸುಬಿಯೋ

ರಜೆ ಮುಗಿಸಿ ಬಂದ ಮೇಲೆ ಹಾಸ್ಟೆಲ್ ರೂಮಲ್ಲಿ ಎರಡು ಬೆಟ್ಟಗಳ ಫೋಟೋ ತೋರಿಸಿದೆ. ಎರಡೂ ಉತ್ತರ ಇಟಲಿಯವು. ಎರಡರ ಹೊಟ್ಟೆಯಲ್ಲೂ ಮೊದಲನೇ ಮಹಾಯುದ್ಧದ ಸುರಂಗಗಳಿವೆ. ಒಂದರಲ್ಲಿ ಸುಮಾರು 33 ಟನ್ ಸ್ಫೋಟಕ ತುಂಬಿ ಬೆಟ್ಟಾನೇ ಉಡಾಯಿಸಿದ್ರು ಅಂದಾಗ ಎಲ್ಲರೂ ಫೋನಿಗೆ ಮುಗಿಬಿದ್ರು. ಇನ್ನೊಂದು ರೇಷನ್ ಸಾಗಿಸೋಕೆ ಮಾಡಿದ ದಾರಿ ಅಂದೆ. "ಓಕೆ ಮಗಾ, ನೆಕ್ಸ್ಟ್" ಅಂದ್ರು. ಆ "ನೆಕ್ಸ್ಟ್"ಗೆ ಇದು ನನ್ನ ಉತ್ತರ. (ಮ್ಯೂನಿಕ್‌ನಲ್ಲಿ ಕೆಲಸ ಮಾಡೋ ದೊಡ್ಡಪ್ಪನ ಮಗಳು ಕರೆಸಿಕೊಂಡಿದ್ದು. ನನ್ನ ಖರ್ಚಲ್ಲಾದ್ರೆ ನಂದಿ ಬೆಟ್ಟವೇ ಜಾಸ್ತಿ.)

ಮೊದಲು ಹೋಗಿದ್ದು ಡೊಲೊಮೈಟ್ಸ್‌ನ ಲಗಾಜುವೋಯ್‌ಗೆ. ಫಾಲ್ಜಾರೆಗೋ ಪಾಸ್‌ನಿಂದ ಕೇಬಲ್ ಕಾರಲ್ಲಿ ಮೇಲೆ ಹೋಗಿ, ಸುರಂಗದ ಒಳಗಿಂದ ಇಳಿದ್ವಿ. ಹೆಲ್ಮೆಟ್, ಹೆಡ್‌ಲ್ಯಾಂಪ್, ಒದ್ದೆ ಮೆಟ್ಟಿಲು, ಹಿಡಿಯೋಕೆ ಉಕ್ಕಿನ ಕೇಬಲ್. ಮಂಡಿ ನಡುಗುತ್ತೆ, ಮಜಾನೂ ಬರುತ್ತೆ, ಸುಳ್ಳು ಹೇಳಲ್ಲ. ಯುದ್ಧದಲ್ಲಿ ಮೇಲ್ಗಡೆ ಆಸ್ಟ್ರಿಯನ್ನರು, ಕೆಳಗೆ ಬಂಡೆಯ ಅಂಚಿನಲ್ಲಿ ಇಟಲಿಯವರು. ಇವರು ಸುಮಾರು 1,100 ಮೀಟರ್ ಸುರಂಗ ಕೊರೆದು 1917ರ ಜೂನ್ 20ರಂದು ಸ್ಫೋಟಿಸಿದ್ರು. ಆದ್ರೆ ಕೊರೆಯೋ ಸದ್ದು ಮೇಲಿನವರಿಗೆ ಮೊದಲೇ ಕೇಳಿತ್ತು, ಅವರು ಜಾಗ ಖಾಲಿ ಮಾಡಿದ್ರು. ಬಂಡೆ ಕುಸೀತು, ಶಿಖರ ಕೈಗೆ ಸಿಗಲಿಲ್ಲ. ಆಮೇಲೆ ಕಪೊರೆಟ್ಟೋದಲ್ಲಿ ಸೋತು, ನವೆಂಬರ್ ಹೊತ್ತಿಗೆ ಇಟಲಿ ಸೈನ್ಯ ಆ ಪ್ರದೇಶಾನೇ ಬಿಟ್ಟು ಹೋಯ್ತು. ಲ್ಯಾಬ್‌ನಲ್ಲಿ ಇಂಥ ರಿಸಲ್ಟ್ ತಂದ್ರೆ ನಮ್ಮ ರೆಕಾರ್ಡ್‌ಗೆ ಸೈನ್ ಬೀಳಲ್ಲ.

ಮರುದಿನ ವಿಯಾ ಫೆರಾಟಾ. ಅಂದ್ರೆ ಕಬ್ಬಿಣದ ದಾರಿ. ಕಡಿದಾದ ಬಂಡೆಗೆ ಉಕ್ಕಿನ ಕೇಬಲ್ ಬಿಗಿದಿರ್ತಾರೆ. ಸೊಂಟದ ಹಾರ್ನೆಸ್‌ನಿಂದ ಬರೋ ಎರಡು ಪಟ್ಟಿಗಳನ್ನ ಅದಕ್ಕೆ ಕ್ಲಿಪ್ ಮಾಡ್ಕೊಂಡು ಹತ್ತಬೇಕು. ಪ್ರತಿ ಆ್ಯಂಕರ್‌ನಲ್ಲೂ ಒಂದೊಂದಾಗಿ ಬಿಚ್ಚಿ ಮುಂದಕ್ಕೆ ಹಾಕಬೇಕು. "ಎರಡೂ ಒಟ್ಟಿಗೆ ಬಿಚ್ಚಬೇಡ ಕಣೋ!" ಅಂತ ಅಕ್ಕ ನೂರು ಸಲ ಕೂಗಿರಬೇಕು.

ಕೇಬಲ್ ಇದೆಯಲ್ಲ, ಸೇಫ್ ಅಂದ್ಕೊಂಡಿದ್ದೆ. ಲೆಕ್ಕ ಹಾಕಿದ್ರೆ ಬೆವರು ಬರುತ್ತೆ. ಬಿದ್ದ ದೂರವನ್ನ ಹಗ್ಗದ ಉದ್ದದಿಂದ ಭಾಗಿಸಿದ್ರೆ ಫಾಲ್ ಫ್ಯಾಕ್ಟರ್. ಸಾಮಾನ್ಯ ಹಗ್ಗದ ಕ್ಲೈಂಬಿಂಗ್‌ನಲ್ಲಿ ಅದು 2 ದಾಟಲ್ಲ. ಇಲ್ಲಿ ಜಾರಿದ್ರೆ ಕ್ಲಿಪ್ ಕೇಬಲ್ ಗುಂಟ ಕೆಳಗಿನ ಆ್ಯಂಕರ್‌ವರೆಗೂ ಇಳಿಯುತ್ತೆ. ಒಂದು ಮೀಟರ್ ಪಟ್ಟಿಯ ಮೇಲೆ ಐದು ಮೀಟರ್ ಬಿದ್ರೆ ಫ್ಯಾಕ್ಟರ್ 5! ಆ ಜಗ್ಗು ತಡೆಯೋದು ಸೊಂಟದ ಹತ್ರ ಇರೋ ಚಿಕ್ಕ ಚೀಲ. ಅದರೊಳಗೆ ಮಡಿಸಿ ಹೊಲಿದ ಪಟ್ಟಿ. ಬಿದ್ದಾಗ ಹೊಲಿಗೆ ಹರೀತಾ ಹರೀತಾ ಎನರ್ಜಿ ನುಂಗುತ್ತೆ, ಆಮೇಲೆ ಅದನ್ನ ಬಿಸಾಕಬೇಕು. ಹರಿಯೋಕೇ ಡಿಸೈನ್ ಮಾಡಿದ ಹೊಲಿಗೆ! ಅದರ ಫೋಟೋನೂ ಯಾರೂ ನೋಡಲಿಲ್ಲ ಬಿಡಿ.

ಆಮೇಲೆ ದಕ್ಷಿಣಕ್ಕೆ ಇಳಿದು ವಿಚೆಂಜಾ ಕಡೆಯ ಪಾಸುಬಿಯೋಗೆ. ಮೇಲಿದ್ದ ಸೈನಿಕರಿಗೆ ಊಟ, ಮದ್ದುಗುಂಡು ತಲುಪಿಸಬೇಕು. ಇದ್ದ ರಸ್ತೆ ಶತ್ರುವಿನ ಫಿರಂಗಿಗೆ ಸಿಗ್ತಿತ್ತು, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗ್ತಿತ್ತು. ಅದಕ್ಕೆ ಇಟಲಿಯ 33ನೇ ಮೈನರ್ಸ್ ಕಂಪನಿ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಗುಂಡು ತಾಕದ ಕಡೆ, ಹೊಸ ದಾರಿ ಕೊರೀತು. ಆರು ಕಿಲೋಮೀಟರ್‌ಗಿಂತ ಉದ್ದ, 52 ಸುರಂಗ, ಸುರಂಗದೊಳಗೇ 2.3 ಕಿಲೋಮೀಟರ್ ನಡಿಗೆ, ಹೊರೆ ಹೊತ್ತ ಹೇಸರಗತ್ತೆ ಹೋಗುವಷ್ಟು ಅಗಲ. 1917ರ ಫೆಬ್ರವರಿಯಲ್ಲಿ ಶುರು, ವರ್ಷ ಮುಗಿಯೋದ್ರೊಳಗೆ ರೆಡಿ. ನಮ್ಮೂರ ಅಂಡರ್‌ಪಾಸ್ ನೆನೆಸ್ಕೊಂಡು ಸುಮ್ಮನಾದೆ. 19ನೇದು 318 ಮೀಟರ್, ಎಲ್ಲಕ್ಕಿಂತ ಉದ್ದ. 20ನೇದು ಒಂದು ಬಂಡೆ ಗೋಪುರದೊಳಗೆ ಸ್ಕ್ರೂ ಥರ ಸುತ್ತಿ ಸುತ್ತಿ ಏರುತ್ತೆ. ಅಲ್ಲಿ ನಿಂತು ನಾನು ನಿಜವಾಗ್ಲೂ ಬಾಯಿ ಬಿಟ್ಟೆ.

ಪಾಸುಬಿಯೋ ಏನೂ ಪುಣ್ಯಕ್ಷೇತ್ರ ಅಲ್ಲ, ಗೊತ್ತು. 1918ರ ಮಾರ್ಚ್ 13ರಂದು ಆಸ್ಟ್ರಿಯನ್ನರು ಅದೇ ಬೆಟ್ಟದ ಮೇಲೆ 50 ಟನ್ ಸಿಡಿಸಿದ್ರು. ಆ ದಾರಿಯಲ್ಲಿ ಹೋಗಿದ್ದೂ ಬರೀ ಬ್ರೆಡ್ ಅಲ್ಲ, ಗುಂಡುಗಳೂ ಹೋಗಿವೆ. ಆದ್ರೂ ಎರಡೂ ಕಡೆ ಇದ್ದಿದ್ದು ನಮ್ಮಂಥ ಇಂಜಿನಿಯರ್‌ಗಳೇ, ಅದೇ 1917, ಅದೇ ಡ್ರಿಲ್. ಒಂದು ಕಡೆ ಮೇಲಿದ್ದವರನ್ನ ಸಾಯಿಸೋಕೆ ಕೊರೆದ್ರು, ಇನ್ನೊಂದು ಕಡೆ ನಡೆಯೋನು ಸಾಯದಿರಲಿ ಅಂತ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕೋವಾಗ್ಲೂ ನಾವು ಬ್ಲಾಸ್ಟ್ ಥರದ್ದನ್ನೇ ಹುಡುಕ್ತೀವಿ ಅನ್ನೋದು ನನ್ನ ತಕರಾರು. ನಿಮಗೆ ಅಲ್ಲಿ ಒಂದೇ ದಿನ ಸಿಕ್ಕಿದ್ರೆ ಪಾಸುಬಿಯೋಗೆ ಹೋಗಿ.

ಅಕ್ಕ ಮಾತ್ರ ಒಪ್ಪಲ್ಲ. "ಲಗಾಜುವೋಯ್‌ನಲ್ಲಿ ವ್ಯೂ ಇದೆ, ಕೇಬಲ್ ಕಾರ್ ಇದೆ, ಕಾಫಿ ಇದೆ" ಅಂತಾಳೆ. ಪಾಸುಬಿಯೋದಲ್ಲಿ 37ನೇ ಸುರಂಗದ ಹತ್ರ ನನ್ನ ಟಾರ್ಚ್ ಬ್ಯಾಟರಿ ಹೋಯ್ತು. ಉಳಿದ ಹದಿನೈದನ್ನೂ ಅವಳ ಬ್ಯಾಗ್ ಹಿಡ್ಕೊಂಡೇ ದಾಟಿದ್ದು.